ಹೊಂಬಿತ್ತದ ವಿಳಾಸ ಕಾಯುವ ಅರುಂಧತಿ

ಬೆಳಗಿನ ಆರೂಕಾಲು. ಕೆರಗೋಡಿನಿಂದ ಮಂಡ್ಯಕ್ಕೆ ಹೊರಡುವ ಬಸ್ಸು ಗುರುಗುಡುತ್ತಾ ನಿಂತಿದೆ. ಕಂಡಕ್ಟರ್ ಸಿದ್ದರಾಜು ಇನ್ನೂ ಟೀ ಲೋಟ ಹಿಡಿದಿರುವಾಗಲೇ ಅರುಂಧತಿ ಎದುರಿಗೆ ಹೋಗಿ ಕೈ ಚಾಚುತ್ತಾರೆ. ‘ಅಣ್ಣ, ಫೋನ್ ಕೊಡಿ ಒಂದ್ನಿಮ್ಸ.’ ಅವರು ಜೇಬಿನಿಂದ ತೆಗೆದು ಕೊಡುತ್ತಾರೆ. ‘ನಾನು ಟಿಕೆಟ್ ಕೇಳಕ್ಕೆ ಮುಂಚೆ ಇವ್ರು ಫೋನ್ ಕೇಳ್ತಾರೆ ಸಾ, ದಿನಾ ಇದೇ ಕತೆ’ ಎಂದು ನನ್ನತ್ತ ತಿರುಗಿ ನಗುತ್ತಾರೆ. ಅರುಂಧತಿ ಒಂದು ವಿಳಾಸ ಒತ್ತುತ್ತಾರೆ, ಪರದೆಯ ಮೇಲೆ ಭತ್ತದ ತೆನೆಯ ಚಿತ್ರ ಮೂಡುತ್ತದೆ, ಫೋನು ವಾಪಸ್ಸು. ಆಮೇಲೆ ಟೀ ಅಂಗಡಿಯವರ ಫೋನು, ಡೇರಿಗೆ ಹಾಲು ಹಾಕಲು ನಿಂತವರ ಫೋನು. ದಿನಕ್ಕೆ ಐದು, ಐದೂ ಪರರವು.

‘ನಮ್ ಫೋನು, ನಮ್ ಕಂಪ್ಯೂಟ್ರಲ್ಲಿ ಓಪನ್ ಆದ್ರೆ ನಂಬಾಕಿಲ್ಲ ಸಾ. ಒಂದ್ಸಲ ನಂಬಿ ಕೆಟ್ಟಿವ್ನಿ’ ಎನ್ನುತ್ತಾರೆ.

ಮೂವತ್ತೆಂಟರ ಅರುಂಧತಿ ಇಲ್ಲಿನ ‘ಹೊಂಬಿತ್ತ’ ಮಹಿಳಾ ಬಿತ್ತನೆ ಸಂಘದ ಗುಮಾಸ್ತೆ. ಸಂಘದಲ್ಲಿ ಅರವತ್ತೆರಡು ಹೆಂಗಸರು, ಅವರ ಕಣಜದಲ್ಲಿ ನಲವತ್ತೆಂಟು ಬಗೆಯ ನಾಟಿ ಭತ್ತ. ಒಂದು ಸೇರು ಬಿತ್ತನೆ ಒಯ್ದವರು ಸುಗ್ಗಿಯಾದ ಮೇಲೆ ಎರಡು ಸೇರು ತಂದು ಅಳೆಯಬೇಕು, ಅದು ಇಲ್ಲಿನ ಕಟ್ಟಳೆ. ಇಂಟರ್ನೆಟ್ಟಿನಲ್ಲಿ ಸಂಘದ ವಿಳಾಸ ಸಂಘದ ಕೈಯಲ್ಲೇ ಇರುವಂತೆ ನೋಡಿಕೊಳ್ಳುವುದು ಅರುಂಧತಿಯವರ ಕೆಲಸ. ಹೀಗೂ ಒಂದು ಕೆಲಸ ಉಂಟೇ ಎಂದು ನೀವು ಕೇಳಬಹುದು. ಕೆರಗೋಡಿಗೆ ಬರುವ ತನಕ ನನಗೂ ಗೊತ್ತಿರಲಿಲ್ಲ, ಸುಳ್ಳೇಕೆ ಹೇಳಲಿ!

ಎರಡು ವರ್ಷದ ಹಿಂದೆ ಯಾವುದೋ ಕಂಪನಿಯ ಪ್ರತಿನಿಧಿಯೊಬ್ಬ ಇಲ್ಲಿಗೆ ಬಂದಿದ್ದ. ಡಾಟ್ ಕಾಮ್, ಡಾಟ್ ಇನ್ ಎಲ್ಲ ಸವೆದುಹೋದ ಬಾಲಗಳು, ನಿಮಗೆ ‘ಹೊಂಬಿತ್ತ ಡಾಟ್ ಭತ್ತ’ ಕೊಡುತ್ತೇವೆ ಅಂದ. ಭತ್ತದ ಸಂಘಕ್ಕೆ ಭತ್ತದ್ದೇ ಬಾಲ, ಅದೂ ಕನ್ನಡದಲ್ಲಿ! ಯಾರು ತಾನೇ ಬೇಡ ಅಂದಾರು? ಅವನು ಹೇಳದೆ ಉಳಿಸಿಕೊಂಡ ವಿಷಯ ಬೇರೆ ಇತ್ತು. ಪ್ರಪಂಚದ ಫೋನುಗಳೆಲ್ಲ ವಿಳಾಸ ಹುಡುಕುವುದು ಒಂದೇ ಮೂಲ ಪಟ್ಟಿಯಿಂದ. ಅದರ ಹೊರಗೆ ಕೆಲವರು ತಮ್ಮದೇ ಪಟ್ಟಿ ಇಟ್ಟುಕೊಂಡು ಹೆಸರು ಮಾರುತ್ತಾರೆ, ಡಾಟ್ ಭತ್ತ ಅಂಥದ್ದು. ಆ ಹೆಸರು ತೆರೆಯಬೇಕಾದರೆ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸಬೇಕು. ಸಂಘದ ಏಕೈಕ ಕಂಪ್ಯೂಟರಿನಲ್ಲಿ ಅವನು ಅದನ್ನು ಸದ್ದಿಲ್ಲದೆ ಬದಲಾಯಿಸಿ ಹೋಗಿದ್ದ.

ಸಂಘದ ಕೆಲಸವನ್ನು ಯಾರೂ ಮನೆಯಲ್ಲಿ ಕೂತು ಮಾಡಬಾರದು, ಸಂಘದ ಕೋಣೆಯಲ್ಲಿ ನಾಲ್ಕು ಜನರ ಎದುರೇ ಆಗಬೇಕು ಎಂಬ ನಿಯಮ ಇವರದು. ಒಳ್ಳೆಯ ನಿಯಮವೇ, ಆದರೆ ಎಡವಿದ್ದೂ ಅಲ್ಲೇ. ಅರವತ್ತೆರಡು ಹೆಂಗಸರೂ ಸರದಿಯಲ್ಲಿ ಬಂದು ಅದೇ ಕಂಪ್ಯೂಟರಿನಲ್ಲಿ ವಿಳಾಸ ತೆರೆದುಕೊಳ್ಳುವುದನ್ನು ನೋಡಿದರು, ಪರದೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದರು. ಎಂಟು ತಿಂಗಳು ಒಬ್ಬರೂ ತಮ್ಮ ಫೋನಿನಲ್ಲಿ ಒತ್ತಿ ನೋಡಲಿಲ್ಲ. ಐದು ಸಾವಿರ ಬಿತ್ತನೆ ಚೀಲದ ಮೇಲೆ ಆ ವಿಳಾಸ ಅಚ್ಚಾಯಿತು.

ಚೀಲ ಕಂಡ ಪರವೂರಿನ ವ್ಯಾಪಾರಿಯೊಬ್ಬ ‘ಹೊಂಬಿತ್ತ ಡಾಟ್ ಇನ್’ ಅನ್ನು ತನ್ನ ಹೆಸರಿಗೆ ಮಾಡಿಕೊಂಡ. ಡಾಟ್ ಭತ್ತ ತೆರೆಯದೆ ‘ಹೊಂಬಿತ್ತ’ ಎಂದು ಹುಡುಕಿದವರೆಲ್ಲ ನೇರ ಅವನ ಪುಟಕ್ಕೇ ಹೋಗಿ ಬೀಳತೊಡಗಿದರು. ಅವನು ಕೈಗೆ ಸಿಕ್ಕ ಭತ್ತವನ್ನು ಈ ಹೆಸರಿನಲ್ಲಿ ಮಾರಿದ.

ಇದು ಗೊತ್ತಾದದ್ದು ಹೊಳಲಿನ ರೈತ ಪುಟ್ಟಮಾದಯ್ಯನವರಿಂದ. ಅವರು ಸೀದಾ ಬಂದು ಚೀಲವನ್ನು ಜಗುಲಿಗೆ ಎಸೆದರು. ‘ರಾಜಮುಡಿ ಬತ್ತ ಅಂತ ಏನಮ್ಮಿ ಕೊಟ್ಟಿರಾದು? ಅರ್ದುಕ್ಕರ್ದ ಮೊಳ್ತೇ ಇಲ್ಲ. ಎಸ್ರು ಕೆಡಿಸ್ಕಬುಟ್ರಲ್ಲ!’ ಅರುಂಧತಿ ನೋಡಿದರೆ ಅದು ಸಂಘದ ಚೀಲವೇ ಅಲ್ಲ, ಅವರು ಫೋನಿನಲ್ಲಿ ಹೆಸರು ಹುಡುಕಿ ತರಿಸಿಕೊಂಡದ್ದು. ಅರುಂಧತಿ ಅಂದೇ ಮೊದಲ ಬಾರಿಗೆ ತಮ್ಮ ಫೋನಿನಲ್ಲಿ ಡಾಟ್ ಭತ್ತ ಒತ್ತಿ ನೋಡಿದರು. ಏನೂ ಬರಲಿಲ್ಲ. ‘ಕಂಪ್ಯೂಟ್ರಲ್ಲಿ ಬರೋದು ಫೋನಲ್ಲಿ ಬರಾಕಿಲ್ಲ ಸಾ. ಆ ಡಾಟ್ ಬತ್ತಕ್ಕೆ ಊಂ ಅಂದಿದ್ದೋಳು ನಾನೇ ಅಲ್ವಾ? ಅನ್ನೆರಡು ವರ್ಸದ ಎಸ್ರು ನನ್ ಕೈಯಾರೆ ಮಣ್ಣಾಯ್ತಲ್ಲ ಅನ್ನುಸ್ತು.’

ಕೆಲಸ ಬಿಡುತ್ತೇನೆ ಎಂದರಂತೆ. ಅಧ್ಯಕ್ಷೆ ಮಂಚಮ್ಮ ಬಿಟ್ಟಾರೆಯೇ? ‘ಓಗೋದಾದ್ರೆ ಓಗಮ್ಮಿ, ಯಾರ್ ಇಡ್ಕಂಡವ್ರೆ? ನಮ್ಮೆಸ್ರು ಈಸ್ಕೊಟ್ಬುಟ್ಟು ಓಗು’ ಅಂದುಬಿಟ್ಟರು.

ಡಾಟ್ ಇನ್ ಹೆಸರುಗಳ ತಕರಾರಿಗೆ ಮಧ್ಯಸ್ಥಗಾರರ ಮುಂದೆ ದೂರು ಕೊಡುವ ಏರ್ಪಾಡಿದೆ. ಹೆಸರು ಮೊದಲಿಂದ ನಮ್ಮದು ಎಂದು ತೋರಿಸಬೇಕು. ಟ್ರೇಡ್‌ಮಾರ್ಕ್ ಇರಲಿಲ್ಲ. ಇದ್ದದ್ದು ಸೇರು ಕೊಟ್ಟು ಎರಡು ಸೇರು ಅಳೆಸಿಕೊಂಡ ಹನ್ನೆರಡು ವರ್ಷದ ಪುಸ್ತಕಗಳು. ಪುಟಪುಟಕ್ಕೂ ‘ಹೊಂಬಿತ್ತ’ದ ಮೊಹರು, ಪಕ್ಕದಲ್ಲಿ ಹೆಬ್ಬೆಟ್ಟು. ನಾನೂರ ಹನ್ನೆರಡು ಪುಟಗಳನ್ನು ಅರುಂಧತಿ ಸಂಘದ ಕೋಣೆಯಲ್ಲೇ ಕೂತು ತಮ್ಮ ಕೈಯಾರೆ ಸ್ಕ್ಯಾನ್ ಮಾಡಿದರು. ಹೊಂಬಿತ್ತ ಎಂಬುದು ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ ಹೆಸರು ಎಂದು ವ್ಯಾಪಾರಿ ವಾದಿಸಿದ. ಆಗ ಕೈ ಹಿಡಿದವರು ಚೀಲ ಎಸೆದ ಪುಟ್ಟಮಾದಯ್ಯನವರೇ. ‘ಈ ಹೆಂಗಸರ ಸಂಘ ಅಂತಲೇ ನಂಬಿ ತರಿಸಿಕೊಂಡು ಮೋಸಹೋದೆ’ ಎಂದು ಬರೆದು ರುಜು ಹಾಕಿಕೊಟ್ಟರು.

ಹನ್ನೊಂದು ವಾರ ಕಾದರು. ಮುಂಗಾರಿನ ಬಿತ್ತನೆ ಹತ್ತಿರಾಗುತ್ತಿತ್ತು. ತೀರ್ಪಿನ ಇಮೇಲ್ ಬಂದ ದಿನ ಅರುಂಧತಿ ಓದಿದ್ದನ್ನೇ ಮತ್ತೆ ಮೊದಲಿಂದ ಓದತೊಡಗಿದರಂತೆ. ‘ಅಳ್ತಿಯೋ ನಗ್ತಿಯೋ, ಒಂದ್ ಮಾಡಮ್ಮಿ, ಜೀವ ಓಯ್ತಾದೆ’ ಎಂದು ಮಂಚಮ್ಮ ಗದರಿದ ಮೇಲೆ ಬಾಯಿ ಬಂತು: ಹೆಸರು ಸಂಘದ್ದು! ಇದನ್ನು ಹೇಳುವಾಗ ಮಂಚಮ್ಮ ಈಗಲೂ ಎದೆ ನೀವಿಕೊಂಡು ‘ಸದ್ಯ’ ಅನ್ನುತ್ತಾರೆ. ಕೇಳಿದ ನನಗೂ ಉಸಿರು ನಿರಾಳವಾಯಿತು.

ಹಳೆಯ ಚೀಲಗಳ ಮೇಲೆ ಡಾಟ್ ಇನ್ ವಿಳಾಸದ ಹೊಸ ಚೀಟಿ ಅಂಟಿದೆ. ಮಳವಳ್ಳಿ, ಮದ್ದೂರು ಕಡೆಯ ಹದಿನೇಳು ಸಂಘಗಳ ವಿಳಾಸವನ್ನೂ ಈಗ ಅರುಂಧತಿಯವರೇ ಕಾಯುತ್ತಾರೆ, ಕೊಕ್ಕರೆ ಬೆಳ್ಳೂರಿನ ಹಕ್ಕಿ ಬಳಗದ್ದೂ ಸೇರಿ. ನವೀಕರಣದ ತಾರೀಕು, ಪಾಸ್‌ವರ್ಡು ಪ್ರತಿ ಸಂಘದಲ್ಲೂ ಮೂವರಿಗೆ ಗೊತ್ತಿರಬೇಕೆಂಬುದು ಅವರ ಹಟ.

ನಾವು ಮಾತಾಡುತ್ತಿರುವಾಗಲೇ ಫೋನು ಬಡಿದುಕೊಳ್ಳುತ್ತದೆ. ಮಳವಳ್ಳಿ ಕಡೆಯ ರೈತರೊಬ್ಬರು. ಹೊಂಬಿತ್ತ ಡಾಟ್ ಇನ್ ತೆರೆದು ಆರ್ಡರ್ ಹಾಕಿ ನಾಲ್ಕು ದಿನವಾದರೂ ಬಿತ್ತನೆ ಬಂದಿಲ್ಲವೆಂದು ಬೈಯುತ್ತಿರುವುದು ನನಗೂ ಕೇಳಿಸುತ್ತದೆ. ಅರುಂಧತಿ ಅಷ್ಟನ್ನೂ ಕೇಳಿಸಿಕೊಂಡು, ‘ತಪ್ಪಾಯ್ತು ಕಣಣ್ಣ, ನಾಳೆ ಮೊದ್ಲ ಬಸ್ಸಿಗೆ ಆಕ್ತೀವಿ’ ಎಂದು ಫೋನು ಇಡುತ್ತಾರೆ. ಮುಖದ ತುಂಬ ನಗು.

ಇಷ್ಟು ಬೈಸಿಕೊಂಡೂ ನಗುತ್ತೀರಲ್ಲಮ್ಮ ಎಂದರೆ, ‘ಬೈಲಿ ಬುಡಿ ಸಾ’ ಎನ್ನುತ್ತಾರೆ. ‘ಆವತ್ತು ಯಾರೋ ಮಾಡಿದ್ದಕ್ಕೆ ಬೈಸ್ಕಂಡೋ. ಇವತ್ತು ನಾವೇ ಮಾಡಿದ್ದಕ್ಕೆ ಬೈತಾವ್ರೆ.’