ಗುರುವಾರದ ಡಬ್ಬಿ

ಮೊನ್ನೆ ಭಾನುವಾರ ಪೇಟೆಗೆ ಹೊರಡುವ ಮುಂಚೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಒಂದರ ಮುಚ್ಚಳ ತೆಗೆದದ್ದೇ ತಡ, ಒಣಗಿಸಿಟ್ಟ ಮೆಂತ್ಯ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ವೈನಿ ಬಾಗಿಲಲ್ಲಿ ಬಂದು ನಿಂತಂತಾಯಿತು...

ಅತ್ತಿಗೆಯಂತೆ ಕಂಡು ನಾನು ವೈನಿ ಎನ್ನುತ್ತಿದ್ದ ಅವರು ಭಾಲ್ಕಿಯವರು. ನಾನು ಮದುವೆಯಾಗಿ ಔರಾದದಿಂದ ಬೀದರಿನ ನೌಬಾದಕ್ಕೆ ಬಂದಾಗ ನಮ್ಮ ಎರಡೂ ಮನೆಗಳಿಗೆ ಒಂದೇ ಗೋಡೆ. ನನಗಾಗ ಪೇಟೆಯೆಂದರೆ ಪ್ರಾಣ. ಮನೆಯಲ್ಲಿ ಬದನೆಕಾಯಿ ಬಾಡುತ್ತಿದ್ದರೂ ಮತ್ತೆ ಬದನೆಕಾಯಿಯನ್ನೇ ಹೊತ್ತು ತರುತ್ತಿದ್ದೆ. ಒಮ್ಮೆ ನನ್ನ ಚೀಲ ನೋಡಿ ವೈನಿ ನಕ್ಕುಬಿಟ್ಟರು.

“ಪ್ಯಾಟಿಗಿ ಹೋಗೂ ಮೊದಲ ಮನ್ಯಾಗ ಏನದ ಅಂತ ನೋಡು, ತಂಗಿ. ಇದ್ದದ್ದು ತೀರಲಿ, ಆಮ್ಯಾಲ ಹೊಸಾದು.”

ಅವರದೊಂದು ಪದ್ಧತಿಯಿತ್ತು. ಪ್ರತಿ ಭಾನುವಾರ ಇದ್ದಬದ್ದದ್ದನ್ನೆಲ್ಲ ತೆಗೆದು ನೋಡಿ, ಅಡುಗೆ ಕಟ್ಟೆಯ ಮೇಲೆ ಆರು ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದರು. ಮೊದಲನೆಯದು ಸೋಮವಾರದ್ದು, ಕೊನೆಯದು ಶನಿವಾರದ್ದು. ತಳ ಕಂಡದ್ದು, ಹುಳ ಬೀಳುವಂಥದ್ದು ಮೊದಲು. ಕಡಲೆಹಿಟ್ಟಿನ ಪಕ್ಕ ಎರಡು ಈರುಳ್ಳಿ ಇದ್ದರೆ ಅಂದು ಝುಣಕ. ತೊಗರಿಬೇಳೆಯ ಮೇಲೆ ಒಣ ಮೆಂತ್ಯದ ಪೊಟ್ಟಣವಿದ್ದರೆ ಅಂದು ಅದರ ಪಲ್ಯ. ಚೀಟಿ ಇಲ್ಲ, ಬರಹ ಇಲ್ಲ. ಮನೆಯವರಿಗೆಲ್ಲ ಆ ಸಾಲು ನೋಡಿದರೆ ಸಾಕಿತ್ತು.

ಒಂದು ಭಾನುವಾರ ಹಾಗೇ ಸಾಲು ಇಟ್ಟು, ಜ್ವರದಲ್ಲಿದ್ದ ತಾಯಿಯನ್ನು ನೋಡಲು ಭಾಲ್ಕಿಯ ಬಸ್ಸು ಹತ್ತಿದರು. ಮನೆಯಲ್ಲಿ ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳು. ವೈನಿಯ ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ. ಅಣ್ಣ ದಿನಕ್ಕೊಂದು ಡಬ್ಬಿ ತೆಗೆದು ಬೇಯಿಸಿ ಹಾಕುತ್ತಿದ್ದರು. ಬುಧವಾರ, ವೈನಿ ನಾಳೆ ಬರುತ್ತಾರಂತೆ ಎಂದು ಕೇಳಿದ್ದೇ ನನ್ನ ಸ್ವಚ್ಛತೆಯ ಹುಚ್ಚು ಕೆದರಿತು. ಮನೆಯವರು ಹೊರಗೆ ಹೋದಾಗ ನನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದೆ. ಕಟ್ಟೆ ತೊಳೆದೆ. ಡಬ್ಬಿಗಳನ್ನು ತಿಕ್ಕಿ ಒರೆಸಿ, ದೊಡ್ಡದು ಚಿಕ್ಕದು ನೋಡಿ ಕಪಾಟಿನಲ್ಲಿ ಜೋಡಿಸಿದೆ. ಬೈದರೆ ಬೈಯಲಿ, ಮತ್ತೆ ಇಟ್ಟುಕೊಳ್ಳುತ್ತಾರೆ ಎಂಬ ಸಲಿಗೆ ಬೇರೆ.

ಸಂಜೆ ಭಾಲ್ಕಿಯಿಂದ ಫೋನು ಬಂತು. ವೈನಿ ಎದೆನೋವು ಅಂದರಂತೆ, ನೀರು ಕೇಳಿದರಂತೆ... ಅಷ್ಟೇ.

ಕರ್ಮ ಮುಗಿಸಿ ಅಣ್ಣ ಮಕ್ಕಳೊಂದಿಗೆ ಮರಳಿದ ದಿನ ನಾನು ಬುತ್ತಿ ಹಿಡಿದು ಹೋದೆ. ಅವರು ಖಾಲಿ ಕಟ್ಟೆಯ ಮುಂದೆ ನಿಂತಿದ್ದರು.

“ಬುತ್ತಿ ಬ್ಯಾಡ, ತಂಗಿ. ಅಕಿ ಇಟ್ಟದ್ದು ಇನ್ನಾ ಮೂರು ದಿನದ್ದು ಉಳದದ. ಗುರುವಾರಕ್ಕ ಯಾವ ಡಬ್ಬಿ ಇತ್ತು?”

ನನಗೆ ಗೊತ್ತಿರಲಿಲ್ಲ. ತೆಗೆದಿಡುವಾಗ ನೋಡಿಯೇ ಇರಲಿಲ್ಲ. ಮಕ್ಕಳಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕೈಗೆ ಸಿಕ್ಕ ಹೆಸರುಕಾಳಿನ ಡಬ್ಬಿ ಎತ್ತಿ, “ಇದೇ ರೀ, ಅಣ್ಣ” ಎಂದುಬಿಟ್ಟೆ. ಅಂದು ಮೂವರೂ ಅದನ್ನೇ ಉಂಡರು. ದೊಡ್ಡವಳು ತಟ್ಟೆಯಲ್ಲಿ ಒಂದು ಕಾಳೂ ಬಿಡಲಿಲ್ಲ.

ಅವಳೀಗ ಔರಾದದ ಸಾಲೆಯೊಂದರಲ್ಲಿ ಟೀಚರ್. ವೈನಿ ಬದುಕಿದ್ದರೆ ಎಷ್ಟು ಹಿಗ್ಗುತ್ತಿದ್ದರೋ... ನಾನು ತವರಿಗೆ ಹೋದಾಗಲೆಲ್ಲ ಬಿಡದೆ ಕರೆದು ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸುತ್ತಾಳೆ.

“ಅವ್ವ ನಮಗಂತ ಕಡೀಕ ಇಟ್ಟ ಅಡಗಿ ಇದು, ಅತ್ತಿ. ನೀವು ಇರಲಿಲ್ಲಂದ್ರ ನಮಗ ಗೊತ್ತೇ ಆಗ್ತಿರಲಿಲ್ಲ.”

ಈ ಸಲವಾದರೂ ಹೇಳಿಬಿಡಬೇಕು ಎಂದುಕೊಂಡೇ ಕೂರುತ್ತೇನೆ. ಅವಳು ಇನ್ನೊಂದು ರೊಟ್ಟಿ ಹಾಕುತ್ತಾಳೆ. ನಾನು ಉಣ್ಣುತ್ತೇನೆ.