ಹಳೇ ಮದುವೆಗಳಲ್ಲಿ ಮಹೆಜಬೀನಳನ್ನು ಹುಡುಕುವ ಮನ್ಸೂರ

ಹಳಿಯಾಳದ ಬಸ್ ನಿಲ್ದಾಣಕ್ಕೆ ಮೊದಲ ಬಸ್ಸು ಇನ್ನೂ ಬಂದಿಲ್ಲ. ಎದುರಿನ ಮಹಡಿಯ ಪುಟ್ಟ ಕೋಣೆಯಲ್ಲಿ ಮನ್ಸೂರ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ತೆರೆಯ ಮೇಲೆ ಒಂದು ಹಳೇ ಮದುವೆ. ಮದುಮಗಳು ಕೈ ಚಾಚಿದ್ದಾಳೆ, ಇನ್ಯಾರದೋ ಎರಡು ಕೈಗಳು ಅವಳಿಗೆ ಹಸಿರು ಬಳೆ ಏರಿಸುತ್ತಿವೆ. ಬಳೆ ತೊಡಿಸುವಾಕೆಯ ಮುಖ ಕಾಣುವುದಿಲ್ಲ. ಮನ್ಸೂರ ಅಲ್ಲಿಗೇ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾರೆ.

"ನನ್ನ ಹೇಣ್ತಿ ಕೈರೀ ಅವು," ಎನ್ನುತ್ತಾರೆ.

ಮದುವೆ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಕೊಡುವುದು ಮನ್ಸೂರರ ಕಸುಬು. ದಾಂಡೇಲಿ, ಮುಂಡಗೋಡ, ಜೋಯಿಡಾ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಅವರ ಕೆಲಸ ಭದ್ರವಾಗಿದೆ, ಹೆಸರು ಮಾತ್ರ ಎಲ್ಲೂ ಇಲ್ಲ. ಹೆಸರು ಹಾಕಿಕೊಳ್ಳುವವನು ಕ್ಯಾಮೆರಾ ಹಿಡಿದವನು. ಹೆಂಡತಿ ಮಹೆಜಬೀನ ಬಳೆಗಾರ್ತಿ. ಯಾರು ಯಾರ ಸೋದರತ್ತೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಆಕೆಗೆ ಬಾಯಿಪಾಠವಾಗಿತ್ತು.

ಮೊದಮೊದಲು ಮನ್ಸೂರರ ಬಳಿ ಇದ್ದದ್ದು ಎರಡೇ ಕೋರಿನ ಕಂಪ್ಯೂಟರ್. ಕೋರ್ ಎಂದರೆ ಪ್ರೊಸೆಸರಿನೊಳಗೆ ಒಟ್ಟೊಟ್ಟಿಗೆ ದುಡಿಯುವ ಆಳುಗಳು ಎಂದುಕೊಳ್ಳಿ. ಒಂದು ಮದುವೆ ಸಿದ್ಧವಾಗಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅದು ತೆವಳುವಷ್ಟು ಹೊತ್ತೂ ಗಂಡ ಹೆಂಡತಿ ಚಹಾ ಕುಡಿಯುತ್ತ, ಮಾಡಿದ್ದನ್ನೇ ಮತ್ತೊಮ್ಮೆ ನೋಡುತ್ತ ಕೂರುತ್ತಿದ್ದರು. "ಆ ಅಜ್ಜೀನ್ನ ಯಾಕ ತಗದ್ರಿ, ಮುಂದಿನ ಮದವಿಗೆ ಆಕಿ ಇರ್ತಾಳೋ ಇಲ್ಲೋ ಅಂತಿದ್ಲು. ನಾ ಮತ್ತ ಕೂಡಸ್ತಿದ್ದೆ," ಎಂದು ಮನ್ಸೂರ ನೆನೆಯುತ್ತಾರೆ.

ಆಮೇಲೆ ಹನ್ನೆರಡು ಕೋರಿನದು ಬಂತು. ಅಷ್ಟು ಕೋರು ಎಲ್ಲರಿಗೂ ಬೇಕೇ ಎಂದು ನಾನು ಕೇಳಿದರೆ ಅವರ ಮುಖದಲ್ಲಿ ಮೊದಲ ಸಲ ನಗು ಕಾಣುತ್ತದೆ. "ಅದನ್ನ ಆಕೀನ ಛಂದ ಹೇಳ್ತಿದ್ಲ್ರೀ. ಒಬ್ಬಾಕಿ ಮದುಮಗಳಿಗೆ ಹನ್ನೆರಡು ಮಂದಿ ಬಳೆಗಾರ್ತೇರು ಯಾಕ, ಇರೂವು ಎರಡ ಕೈ. ಓಣಿ ಹೆಂಗಸರೆಲ್ಲಾ ಕೈ ಚಾಚಿದ್ರ ಮಾತ್ರ ಅಷ್ಟೂ ಮಂದಿ ಬೇಕು ಅಂತಿದ್ಲು."

ಅಷ್ಟರಲ್ಲಿ ಕಿರಾಣಿ ಅಂಗಡಿಯ ರುದ್ರೇಶ ಮೆಟ್ಟಿಲೇರಿ ಬರುತ್ತಾರೆ. "ಹದಿನಾರು ಕೋರಿಂದು ತಗೊಳ್ಳೂಣೇನ್ರಿ?" "ಅದರಾಗ ಏನ್ ಮಾಡಾವ್ರು?" "ಬಿಲ್ಲು ಬರಿಯೂದು, ಸಂಜೀಕ ಸಿನಿಮಾ ನೋಡೂದು." "ನಿಮ್ಮ ಹಳೇ ನಾಕು ಕೋರಿಂದ ಸಾಕು. ಹಾರ್ಡ್ ಡಿಸ್ಕ್ ತಗಸಿ, ಅದಕಿಂತ ಚುರುಕಿಂದು ಎಸ್‌ಎಸ್‌ಡಿ ಹಾಕಸ್ರಿ, ಓಡ್ತೈತಿ." ರುದ್ರೇಶರ ಮುಖ ಸಪ್ಪಗಾಗುತ್ತದೆ. ಪಕ್ಕದ ಅಂಗಡಿಯವನ ಮುಂದೆ ಕೊಚ್ಚಿಕೊಳ್ಳಲು ಏನೂ ಉಳಿಯಲಿಲ್ಲವಲ್ಲ, ಪಾಪ.

ಮನ್ಸೂರರಿಗೆ ಮಾತ್ರ ಹನ್ನೆರಡು ಕೋರು ನಿಜಕ್ಕೂ ಉಪಯೋಗಕ್ಕೆ ಬಂತು. ಬೆಳಗಿನತನಕ ಹಿಡಿಯುತ್ತಿದ್ದ ಕೆಲಸ ಊಟ ಮುಗಿಯುವಷ್ಟರಲ್ಲಿ ಮುಗಿಯತೊಡಗಿತು, ಅದಕ್ಕೆ ತಕ್ಕಂತೆ ಮದುವೆಗಳೂ ಬಂದು ಬಿದ್ದವು. ಜಾಗ ಸಾಲದೆಂದು ಕತ್ತರಿಸದ ಹಳೇ ಮೂಲ ವಿಡಿಯೊಗಳನ್ನೆಲ್ಲ ಅಳಿಸಿಹಾಕಿದರು. ಕಾಯುವ ಹೊತ್ತೇ ಇಲ್ಲವಾಯಿತು. ಮಹೆಜಬೀನ ಚಹಾ ತಂದಿಟ್ಟು, ಸ್ವಲ್ಪ ನಿಂತು, ಹೋಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ಆಕೆಗೆ ಜ್ವರ ಹಿಡಿಯಿತು. "ಬಂದು ಬಾಜೂಕ ಕೂಡ್ರಿ ಅಂದ್ಲು. ಇದೊಂದು ಮುಗಸ್ತೇನಿ ಅಂದೆ. ಅದು ಮುಗದ ಮ್ಯಾಲ ಇನ್ನೊಂದು ಹಚ್ಚಿದೆ." ಜ್ವರ ಏರಿ, ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಇದನ್ನು ಹೇಳುವಾಗ ಮನ್ಸೂರ ನನ್ನನ್ನು ನೋಡುವುದಿಲ್ಲ. ನನಗೂ ಅವರನ್ನು ನೋಡಲು ಆಗುವುದಿಲ್ಲ.

ಫೋಟೊಗಳಿವೆ. ಆದರೆ ಆಕೆ ಮಾತಾಡುವ, ನಗುವ ಒಂದು ತುಣುಕೂ ಇಲ್ಲ. ಕ್ಯಾಮೆರಾ ಕಂಡರೆ ತಲೆ ತಗ್ಗಿಸುವ ಹೆಂಗಸು. ಅದಕ್ಕೇ ಹಳೇ ಸಿ.ಡಿ.ಗಳನ್ನು ಮೊಬೈಲಿಗೆ ಹಾಕಿಕೊಡಿ ಎಂದು ಜನ ತಂದುಕೊಟ್ಟರೆ, ಮನ್ಸೂರ ಬೆಳಗಿನ ಜಾವ ಕೂತು ಒಂದೊಂದನ್ನೂ ಪೂರ್ತಿ ನೋಡುತ್ತಾರೆ. "ಓಡಿಸಿದ್ರ ಆಕಿ ತಪ್ಪಿ ಹೋಗ್ತಾಳ. ಇದಕ್ಕ ಎಷ್ಟು ಕೋರಿದ್ರೇನ್ರೀ, ನೋಡೂವು ಎರಡ ಕಣ್ಣು."

ರುದ್ರೇಶ ಹೋದ ಮೇಲೆ, ನಿಲ್ಲಿಸಿದ್ದ ಮದುವೆಯನ್ನು ಮತ್ತೆ ಹಚ್ಚುತ್ತಾರೆ. ಅದು ಶಿವವ್ವ ಎಂಬವರ ಮಗಳದು, ಎರಡು ಕೋರಿನ ಕಾಲದ್ದು. ಕೊನೆಯ ಬಳೆ ಏರುತ್ತದೆ. ಯಾರೋ ಏನೋ ಅನ್ನುತ್ತಾರೆ, ಹೆಂಗಸರೆಲ್ಲ ನಗುತ್ತಾರೆ. ಬಳೆಗಾರ್ತಿಯ ಸೆರಗು ಸರಿಯುತ್ತದೆ, ಗಲ್ಲ ಕಾಣುತ್ತದೆ, ಆಕೆ ತಲೆ ಎತ್ತುತ್ತಿದ್ದಾಳೆ. ತಟ್ಟನೆ ಚಿತ್ರ ಬದಲಾಗಿ ವಾಲಗದವರು ಬರುತ್ತಾರೆ.

ಕೋಣೆಯಲ್ಲಿ ವಾಲಗ ಕೇಳುತ್ತಲೇ ಇರುತ್ತದೆ. ಕೊನೆಗೆ ಮನ್ಸೂರ ಅದನ್ನು ನಿಲ್ಲಿಸುತ್ತಾರೆ.

"ಕತ್ತರಿಸಿದಾಂವ ನಾನ ರೀ. ಮದವಿ ಮನಿಯವ್ರಿಗೆ ಬಳೆಗಾರ್ತಿ ಮುಖ ಯಾಕ ಅಂತ ತಗದೆ. ಆವತ್ತೂ ಆಕಿ ನನ್ನ ಬಾಜೂಕ ಕುಂತಿದ್ಲು. ಕಂಡ ಕಂಡವ್ರನ್ನೆಲ್ಲಾ ಉಳಸ್ರಿ ಅನ್ನಾಕಿ, ತನ್ನನ್ನ ತಗದಾಗ ಏನೂ ಅನ್ನಲಿಲ್ಲ."

ನಾನು ಹೊರಟಾಗ ಮೆಟ್ಟಿಲತನಕ ಬರುತ್ತಾರೆ. "ನೀವು ಪೇಪರಿನ್ಯಾಗ ಬರೀತೀರಲ್ಲ, ನನ್ನ ಬಗ್ಗೆ ಬ್ಯಾಡ. ಯಾರ ಮದವ್ಯಾಗರ ಆಕಿ ತಲಿ ಎತ್ತಿದ್ದು ಉಳದಿದ್ರ ತಂದು ತೋರಸ್ರಿ ಅಂತ ಬರೀರಿ. ಅವಸರ ಇಲ್ಲ. ಈಗ ಎಷ್ಟು ಹೊತ್ತಾದ್ರೂ ಕಾಯ್ತೇನಿ."