ಬೆನ್ನ ಹಿಂದೆ ಕಟ್ಟಿದ ಕೈ

ಅನ್ವಿ, ಸಮರ್ಥ, ಎದುರು ಕೂತು ಹೇಳಲು ನನಗೆ ಸಂಕೋಚ, ಅದಕ್ಕೇ ಬರೆದಿಡುತ್ತಿದ್ದೇನೆ. ಇದು 2013ನೇ ಇಸವಿಯ ಮಾತು. ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ನೌಕರಿಗಾಗಿ ಬಂದು ನೆಲೆಸಿದ್ದ ನೆದರ್ಲೆಂಡ್ಸಿನ ಜೂಟರ್‌ಮೀರ್‌ನಲ್ಲಿ ನಾನೊಬ್ಬಳೇ ಉಳಿದಿದ್ದೆ. ವಯಸ್ಸಾದವರ ಮನೆಗಳಿಗೇ ಹೋಗಿ ಆರೈಕೆ ಮಾಡುವ ಒಂದು ಸಂಸ್ಥೆಯಲ್ಲಿ ಸಹಾಯಕಿಯ ಕೆಲಸ. ನಾನು ಓದಿದ್ದು ನರಗುಂದದ ಹತ್ತಿರದ ಹಳ್ಳಿಯಲ್ಲಿ, ಹತ್ತನೆಯವರೆಗೆ. ಡಚ್ ಕಲಿತದ್ದು ಇಲ್ಲಿನ ಸಂಜೆ ತರಗತಿಯಲ್ಲಿ.

ಬೆಸ್ಟ್ ಎಂಬ ಊರಿನಲ್ಲಿದ್ದ ನಿಮ್ಮ ಅವ್ವನಿಗೆ ಇದು ಸರಿಬರುತ್ತಿರಲಿಲ್ಲ. ಭಾನುವಾರ ಬಂತೆಂದರೆ ಫೋನು.

"ಅವ್ವ, ಮಂದಿ ಕಾಲಿಗೆ ಸಾಕ್ಸ್ ಹಾಕಿದ್ದು ಸಾಕು. ಇಲ್ಲಿಗೆ ಬಂದು ಆರಾಮ ಇರು."

"ಆರಾಮ ಇರಾಕ ನನಗೇನಾಗೇತಿ?" ಎನ್ನುತ್ತಿದ್ದೆ.

ಆ ವರ್ಷ ನನ್ನ ಪಾಲಿಗೆ ಬಂದವರು ಮೆವ್ರೌ ತ್ರೂಸ್; ಮೆವ್ರೌ ಎಂದರೆ ಇಲ್ಲಿ ಅಮ್ಮಾವ್ರು ಎಂದ ಹಾಗೆ. ಎಂಬತ್ತಮೂರು ವರ್ಷ, ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಸ್ಟ್ರೋಕ್ ಆಗಿ ಎಡಗೈ ಸೋತಿತ್ತು. ಆರು ವಾರಗಳ ನಂತರ ನರ್ಸ್ ಬಂದು ಪರೀಕ್ಷಿಸುವುದೆಂದು ಗೊತ್ತಾಗಿತ್ತು. ಬೆಳಿಗ್ಗೆ ತಾವೇ ಬಟ್ಟೆ ಹಾಕಿಕೊಂಡು, ತಾವೇ ತಿಂಡಿ ಮಾಡಿಕೊಂಡರೆ ಸ್ವಂತ ಮನೆಯಲ್ಲೇ ಇರಬಹುದು. ಆಗದಿದ್ದರೆ ವೃದ್ಧರ ಆರೈಕೆ ಕೇಂದ್ರ.

ನಮಗೆ ಕಲಿಸಿದ ಪದ್ಧತಿಯೊಂದಿತ್ತು: ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಮಾಡುವ ಆರೈಕೆ. ಅವರು ಮಾಡಬಲ್ಲ ಕೆಲಸಕ್ಕೆ ನಾವು ಕೈ ಹಾಕಬಾರದು; ಬೀಳದಂತೆ ನೋಡಿಕೊಂಡು ಪಕ್ಕದಲ್ಲಿ ನಿಲ್ಲಬೇಕು. ಅತ್ತೆಯ ತಲೆ ಬಾಚಿ, ಸೆರಗು ಸರಿಮಾಡಿ, ತಟ್ಟೆಯನ್ನು ಕೈಗೇ ಕೊಟ್ಟು ಬಾಳಿದವಳಿಗೆ ಸುಮ್ಮನೆ ನಿಲ್ಲುವುದೇ ದೊಡ್ಡ ಶಿಕ್ಷೆ. ಮೊದಲ ದಿನ ನನ್ನ ಕೈ ತಾನಾಗಿಯೇ ಅವರ ಸ್ವೆಟರಿನ ಗುಂಡಿಗೆ ಹೋಯಿತು. ಬಲಗೈಯಿಂದ ರಪ್ಪನೆ ಹೊಡೆದರು. ಅವರಾಡಿದ್ದು ಡಚ್, ನನ್ನ ಕಿವಿಗೆ ನಮ್ಮೂರ ಮಾತಾಗಿ ಕೇಳಿದಂತೆಯೇ ಬರೆಯುತ್ತೇನೆ.

"ಕೈ ಹಿಂದಕ್ಕ. ನಾ ಇನ್ನೂ ಸತ್ತಿಲ್ಲ."

"ಥಂಡಿ ಐತ್ರಿ ಮೆವ್ರೌ, ಅದಕ್ಕ..."

"ಥಂಡಿ ನನಗ. ನಿನಗಲ್ಲ."

ದಿನವೂ ಅದೇ ಅಭ್ಯಾಸ. ಸೋತ ಕೈಯನ್ನು ಮೊದಲು ಸ್ವೆಟರಿನ ತೋಳಿನೊಳಗೆ ಸೇರಿಸಬೇಕು, ಒಳ್ಳೆಯ ಕೈ ಆಮೇಲೆ. ತಟ್ಟೆ ಜಾರದಂತೆ ಒದ್ದೆ ಬಟ್ಟೆಯ ಮೇಲಿಟ್ಟು ಒಂದೇ ಕೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಬೇಕು. ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಒಬ್ಬರಽ ಇರಾಕ ಬ್ಯಾಸರ ಆಗೂದಿಲ್ಲೇನ್ರಿ?"

"ಆಗತೈತಿ. ಬ್ಯಾಸರಾನೂ ನಂದಽ, ಮನೀನೂ ನಂದಽ."

ಆ ರಾತ್ರಿ ನನ್ನ ಖಾಲಿ ಮನೆಯ ಬೀಗ ತೆಗೆಯುವಾಗ ಎಂದಿನ ಹೆದರಿಕೆ ಆಗಲಿಲ್ಲ.

ಪರೀಕ್ಷೆಯ ದಿನ ನರ್ಸ್ ಕುರ್ಚಿಯಲ್ಲಿ ಕೂತಿದ್ದಳು. ಮೆವ್ರೌ ಎಡಗೈಯನ್ನು ಸ್ವೆಟರಿಗೆ ಸೇರಿಸಿದರು. ಸ್ವೆಟರಿನ ಬಲತೋಳು ಬೆನ್ನಿನಲ್ಲಿ ಮುದುಡಿಕೊಂಡು ಸಿಗಲೊಲ್ಲದು. ಎಷ್ಟು ಸಲ ತಡಕಿದರೂ ಬರಲಿಲ್ಲ; ಏದುಸಿರು ಬಂತು. ಮೊದಲ ಬಾರಿಗೆ ನನ್ನತ್ತ ನೋಡಿದರು.

"ಸ್ವಲ್ಪ ಜಗ್ಗು."

ನಾನು ಜಗ್ಗಿದರೆ ಅವರ ಮನೆ ಹೋದಂತೆಯೇ. ಬೆನ್ನ ಹಿಂದೆ ನನ್ನ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿಬಿಟ್ಟೆ.

"ಕಲ್ಲು ಅದೀ ನೀ, ಕಲ್ಲು," ಎಂದರು.

ಕಣ್ಣು ತುಂಬಿದವು. ತಿರುಗಲಿಲ್ಲ. ಸ್ವಲ್ಪ ಹೊತ್ತು ಏದುಸಿರು, ಬಟ್ಟೆಯ ಸರಬರ. ಆಮೇಲೆ ಅಡುಗೆಮನೆಯ ಕಡೆ ಚಪ್ಪಲಿ ಎಳೆದುಕೊಂಡು ಹೋಗುವ ಸದ್ದು. ತಿರುಗಿ ನೋಡಿದರೆ ಸ್ವೆಟರ್ ಮೈಮೇಲಿತ್ತು, ಗುಂಡಿಗಳು ಒಂದೊಂದು ಕಾಜಾ ತಪ್ಪಿ ಕೂತಿದ್ದವು. ಬ್ರೆಡ್ಡು ತಟ್ಟೆಗೆ ಬಂದ ಮೇಲೆ ನರ್ಸ್ ಎದ್ದು, "ನೀವು ನಿಮ್ಮ ಮನೆಯಲ್ಲೇ ಇರಿ," ಎಂದು ಮೆವ್ರೌಗೆ ಹೇಳಿ ಹೋದಳು.

"ನೀ ಬೆನ್ನು ತಿರುಗಿಸಿದ್ದು ನೋಡಿ ಮೈಯೆಲ್ಲಾ ಉರೀತು," ಎಂದರು ಮೆವ್ರೌ. "ಆ ಸಿಟ್ಟಿಗೇ ಕೈ ಒಳಗ ಹೋತು." ಅಂದು ನನಗೂ ಒಂದು ಬ್ರೆಡ್ಡಿಗೆ ಅವರೇ ಬೆಣ್ಣೆ ಸವರಿಕೊಟ್ಟರು. ಅದೇ ಮನೆಯಲ್ಲಿ ಇನ್ನೂ ಐದು ವರ್ಷ ಬಾಳಿದರು.

ಮುಪ್ಪಿನಲ್ಲಿ ಮೈಯ ಶಕ್ತಿ ಹೋಗುತ್ತದೆ. ಉಳಿದ ಶಕ್ತಿಯನ್ನು ಅಕ್ಕರೆಯಿಂದಲೇ ಕಸಿದುಕೊಳ್ಳುವವರು ಬಹಳ. ಪಕ್ಕದಲ್ಲಿ ನಿಂತು ಕಾಯುವುದಕ್ಕೆ ಹೆಚ್ಚಿನ ಪ್ರೀತಿ ಬೇಕೆಂದು ಈ ಕೆಲಸ ನನಗೆ ಕಲಿಸಿತು. ಬೆಸ್ಟ್‌ಗೆ ನಾನು ನೆಂಟರ ಹಾಗೆಯೇ ಬಂದು ಹೋಗುತ್ತಿರುವುದು ಅದಕ್ಕೇ.

ಈ ಹಾಳೆಗಳನ್ನು ಜೋಪಾನವಾಗಿಡಿ. ನನ್ನ ಬೆರಳಿಗೆ ಗುಂಡಿ ಸಿಗದ ದಿನ ನಿಮ್ಮ ಅವ್ವ ತಾನೇ ಹಾಕಿಕೊಡಲು ಓಡಿ ಬರುತ್ತಾಳೆ. ಆಗ ಇವನ್ನು ಅವಳ ಎರಡೂ ಕೈಗೆ ಕೊಡಿ.